ಹನ್ನೊಂದನೆಯ ಕ್ರಮಾಂಕದವಳು

ಈ ವಾರ ಬೌಲರ್ ಶ್ರೇಯಾಂಕಾ ಪಾಟೀಲ್ ಬಗ್ಗೆ ಬರೆಯುವುದೆಂದು ಹೋದ ವಾರವೇ ಹೇಳಿಯಾಗಿತ್ತು. 2023ರ ಡಿಸೆಂಬರ್‌ನಲ್ಲಿ ವಾಂಖೆಡೆಯಲ್ಲಿ ಇಂಗ್ಲೆಂಡ್ ವಿರುದ್ಧ ಪದಾರ್ಪಣೆ, ಮರುವರ್ಷ ಡಬ್ಲ್ಯುಪಿಎಲ್ ಫೈನಲ್‌ನಲ್ಲಿ 12 ರನ್ನಿಗೆ 4 ವಿಕೆಟ್. ಬರೆಯಲು ಬೇಕಾದಷ್ಟಿದೆ. ಆದರೆ ಆಕೆಯನ್ನು ಹೊಗಳುವವರು ‘ಬ್ಯಾಟೂ ಬೀಸ್ತಾಳ’ ಎಂದು ಸೇರಿಸದೆ ಬಿಡುವುದಿಲ್ಲ, ನನ್ನ ತಕರಾರು ಆ ಮಾತಿನ ಜೊತೆಗೇ. ಬೌಲರ್ ಆದವಳಿಗೆ ಬ್ಯಾಟಿಂಗ್ ಬರಲೇಬೇಕು, ಇಲ್ಲದಿದ್ದರೆ ತಂಡಕ್ಕೆ ಭಾರ ಎಂಬ ಪಂಥವೊಂದು ಈಗ ಎಲ್ಲೆಡೆ ಬೆಳೆದಿದೆ. ಗಂಗಾವತಿಯ ಟೆನಿಸ್ ಬಾಲ್ ಟೂರ್ನಿಯಾಗಲಿ, ಯಲಬುರ್ಗಾದ ಶಾಲೆಯ ಬಯಲಾಗಲಿ, ಸಿಕ್ಸರ್‌ಗೆ ಬೀಳುವ ಚಪ್ಪಾಳೆ ಮೇಡನ್ ಓವರಿಗೆ ಬೀಳುವುದಿಲ್ಲ. ಎಡಗೈ ಸ್ಪಿನ್ ನನ್ನ ಪಕ್ಷವೆಂದು ಈ ಅಂಕಣದ ಓದುಗರಿಗೆ ಗೊತ್ತೇ ಇದೆ. ಅದರ ಪರವಾಗಿ ವಾದಿಸಲು ದೂರದ ಸಾಕ್ಷಿಯೂ ಬೇಕಿಲ್ಲ.

ಕುಷ್ಟಗಿಯಿಂದ ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟರೆ ಇಳಕಲ್ಲು, ಮುಂದೆ ಕೃಷ್ಣೆ, ಆಮೇಲೆ ವಿಜಯಪುರ. ಅಲ್ಲಿನ ಶಾಲಾ ಮಾಸ್ತರರ ಮಗಳು, ಎಡಗೈ ಸ್ಪಿನ್ನರ್ ರಾಜೇಶ್ವರಿ ಗಾಯಕವಾಡ 2014ರ ಜನವರಿಯಲ್ಲಿ ಶ್ರೀಲಂಕಾ ವಿರುದ್ಧ ಮೊದಲ ಏಕದಿನ ಪಂದ್ಯ ಆಡಿದಾಗ ವಯಸ್ಸು 22. ಅದೇ ನವೆಂಬರ್‌ನಲ್ಲಿ ಮೈಸೂರಿನ ಗಂಗೋತ್ರಿ ಗ್ಲೇಡ್ಸ್‌ನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಟೆಸ್ಟ್ ಕ್ಯಾಪ್. 2017ರ ವಿಶ್ವಕಪ್ ಶುರುವಾದಾಗ ಎಡಗೈ ಸ್ಪಿನ್ನಿನ ಜಾಗ ಏಕ್ತಾ ಬಿಷ್ಟ್ ಅವರದಾಗಿತ್ತು, ರಾಜೇಶ್ವರಿ ಹೊರಗೆ ಕೂತಿದ್ದರು. ಜುಲೈ 15ರಂದು ಡರ್ಬಿಯಲ್ಲಿ ನ್ಯೂಜಿಲೆಂಡ್ ಎದುರು, ಗೆದ್ದವರಿಗಷ್ಟೇ ಸೆಮಿಫೈನಲ್ ಎಂಬ ಪಂದ್ಯದಲ್ಲಿ, ಆ ಟೂರ್ನಿಯ ಮೊದಲ ಅವಕಾಶ ಸಿಕ್ಕಿತು. ಭಾರತ 265. ಮಿಥಾಲಿ ರಾಜ್ 109 ಹೊಡೆದರು, ಕಡೂರಿನ ವೇದಾ ಕೃಷ್ಣಮೂರ್ತಿ 45 ಎಸೆತಗಳಲ್ಲಿ 70. ರಾಜೇಶ್ವರಿ ಎಸೆದದ್ದು 7.3 ಓವರ್, ಅಂದರೆ ಅದೇ 45 ಎಸೆತ. ಕೊಟ್ಟದ್ದು 15 ರನ್, ಕಿತ್ತದ್ದು 5 ವಿಕೆಟ್. ನ್ಯೂಜಿಲೆಂಡ್ 79ಕ್ಕೆ ಮುಗಿಯಿತು. ಕನ್ನಡದ ಇಬ್ಬರು ಹುಡುಗಿಯರು ಒಂದೇ ದಿನ ತಲಾ 45 ಎಸೆತಗಳಲ್ಲಿ ಮಾಡಿದ ಈ ಎರಡು ಕೆಲಸಗಳಲ್ಲಿ ಯಾವುದು ದೊಡ್ಡದು? ವೇದಾ ಆಟ ಕಣ್ಣಿಗೆ ಹಬ್ಬ, ನಿಜ. ನನ್ನ ತಕ್ಕಡಿ ಮಾತ್ರ ಆ 15 ರನ್ನಿನ ಕಡೆಗೇ ವಾಲುತ್ತದೆ.

ದೊಡ್ಡ ಮೊತ್ತದ ಒತ್ತಡಕ್ಕೆ ಎದುರಾಳಿಗಳು ತಾವಾಗಿಯೇ ಬಿದ್ದರು ಎನ್ನುವವರಿದ್ದಾರೆ. ಒತ್ತಡ ಇತ್ತು, ಒಪ್ಪೋಣ. ಆದರೆ ಓವರಿಗೆ ಐದಕ್ಕಿಂತ ಹೆಚ್ಚು ಬೇಕಾದವಳು ಬೀಸಿಯೇ ಬೀಸುತ್ತಾಳೆ. ಬೀಸಿದಾಗ ನಾಲ್ಕು ಹೋಗಬೇಕೋ ಕ್ಯಾಚ್ ಆಗಬೇಕೋ ಎಂಬುದನ್ನು ತೀರ್ಮಾನಿಸುವುದು ಬೌಲರಿನ ಲೆಂಗ್ತ್. ಬಲಗೈ ಬ್ಯಾಟರ್‌ಗೆ ಹೊರಗೆ ಸರಿಯುವ ಎಸೆತವೂ ತಿರುಗದೆ ನೇರ ನುಗ್ಗುವ ಎಸೆತವೂ ಒಂದೇ ಜಾಗದಲ್ಲಿ ಬಿದ್ದರೆ ಬೀಸುವವಳಿಗೆ ದಾರಿ ಕಾಣುವುದಿಲ್ಲ. ಅದು ಸಾವಿರಾರು ಎಸೆತಗಳ ನೆಟ್ಸ್ ಕೇಳುವ ವಿದ್ಯೆ. ಒಂದು ದಿನದ ಪವಾಡವೆನ್ನುವವರು 2022ರ ವಿಶ್ವಕಪ್‌ನಲ್ಲಿ ಪಾಕಿಸ್ತಾನದ ವಿರುದ್ಧ ಅದೇ ಕೈ 31ಕ್ಕೆ 4 ಪಡೆದದ್ದನ್ನು ನೋಡಲಿ. 64 ಏಕದಿನ ಪಂದ್ಯಗಳಲ್ಲಿ 99 ವಿಕೆಟ್ ಪವಾಡದಿಂದ ಕೂಡುವ ಗಂಟಲ್ಲ.

ಎದುರು ಪಂಥದ ದೊಡ್ಡ ಅಸ್ತ್ರ ಲಾರ್ಡ್ಸ್ ಫೈನಲ್. ಡರ್ಬಿ ಪಂದ್ಯವಾಗಿ ಎಂಟೇ ದಿನಕ್ಕೆ ಇಂಗ್ಲೆಂಡ್ ಎದುರು 9 ರನ್ನಿನ ಸೋಲು, ಶ್ರಬ್‌ಸೋಲ್‌ಗೆ ಬೌಲ್ಡ್ ಆದ ಕೊನೆಯ ವಿಕೆಟ್ ರಾಜೇಶ್ವರಿ, ಸೊನ್ನೆ. ಆಕೆಗೆ ಬ್ಯಾಟಿಂಗ್ ಬರುತ್ತಿದ್ದರೆ ಕಪ್ ನಮ್ಮದಾಗುತ್ತಿತ್ತಂತೆ! ಸ್ಕೋರ್‌ಕಾರ್ಡ್ ಬೇರೆಯೇ ಹೇಳುತ್ತದೆ. 3 ವಿಕೆಟ್ಟಿಗೆ 191 ಇದ್ದ ಭಾರತ 219ಕ್ಕೆ ಮುಗಿಯಿತು. 28 ರನ್ನಿಗೆ ಹೋದ ಏಳು ವಿಕೆಟ್‌ಗಳಲ್ಲಿ ಬ್ಯಾಟ್ ಹಿಡಿಯುವುದೇ ಕಸುಬಾದವರಿದ್ದರು. ಅವರು ಕಳೆದದ್ದಕ್ಕೆ ಹನ್ನೊಂದನೆಯವಳನ್ನು ಹೊಣೆ ಮಾಡುವುದು ಅನ್ಯಾಯ. ಟಿ20ಯಲ್ಲಿ ಬೌಲರ್‌ಗೆ ಸಿಗುವುದು ನಾಲ್ಕೇ ಓವರ್, ಅಲ್ಲಿ ಎರಡು ವಿದ್ಯೆ ಬಲ್ಲವಳಿಗೆ ಬೆಲೆ ಹೆಚ್ಚು ಎಂಬುದನ್ನು ನಾನು ಅಲ್ಲಗಳೆಯಲಾರೆ. ಹತ್ತು ಓವರ್ ಸಿಗುವ ಆಟಕ್ಕೆ ಆ ಲೆಕ್ಕ ತಂದು ಹಾಕಬಾರದು. ಕೊಪ್ಪಳದಿಂದ ರಾಯಚೂರು ವಲಯದ ಆಯ್ಕೆಗೆ ಎಡಗೈ ಸ್ಪಿನ್ ಹುಡುಗಿಯೊಬ್ಬಳು ಬಂದರೆ, ಪ್ಯಾಡ್ ಕಟ್ಟಿಸಿ ನೋಡುವ ಮೊದಲು ಆಯ್ಕೆಗಾರರು ಅವಳಿಂದ ಒಂದು ಗಂಟೆ ಬೌಲಿಂಗ್ ಮಾಡಿಸಲಿ.