ಬೆನೆಟ್ ಮನೆತನದ ಜಮಾ-ಖರ್ಚು

ಆಂಗ್ಲ ಲೇಖಕಿ ಜೇನ್ ಆಸ್ಟೆನ್ ಅವರ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಾದಂಬರಿ 1813ರಲ್ಲಿ ಪ್ರಕಟವಾಯಿತು. ಎಲಿಜಬೆತ್ ಬೆನೆಟ್ ಎಂಬ ಚತುರ ಕನ್ಯೆಯೂ ಡಾರ್ಸಿ ಎಂಬ ಗರ್ವಿಷ್ಠ ಧನಿಕನೂ ತಪ್ಪು ತಿಳಿವಳಿಕೆಗಳನ್ನು ಕಳೆದುಕೊಂಡು ಸತಿಪತಿಗಳಾಗುವ ಈ ಕೃತಿಯನ್ನು ಸರಸವಾದ ಪ್ರೇಮಕಥೆಯೆಂದು ಓದುವುದು ವಾಡಿಕೆ. ಆದರೆ ಕಿರ್ದಿ-ಖಾತೆಗಳ ನಡುವೆ ಆಯುಷ್ಯ ಸವೆಸಿದ ನನ್ನಂಥವನ ಕಣ್ಣಿಗೆ ಮೊದಲು ಬೀಳುವುದು ಅದರಲ್ಲಿನ ಅಂಕಿಗಳು. ಅವುಗಳನ್ನು ಕೂಡಿ ಕಳೆದು ನೋಡದ ಹೊರತು ಕೃತಿಯ ನೈತಿಕ ತಿರುಳು ಕೈಗೆ ಸಿಗದೆಂಬುದು ನನ್ನ ಅಭಿಪ್ರಾಯ.

ಬೆನೆಟ್ ಮನೆತನದ ವಾರ್ಷಿಕ ವರಮಾನ 2000 ಪೌಂಡ್. ಐವರು ಹೆಣ್ಣುಮಕ್ಕಳು, ಗಂಡು ಸಂತಾನವಿಲ್ಲ. ಆಸ್ತಿಯು ಪುರುಷ ವಾರಸುದಾರನಿಗೇ ಸಲ್ಲಬೇಕೆಂಬ ಕಟ್ಟಳೆಯಿರುವುದರಿಂದ, ತಂದೆ ಕಣ್ಣು ಮುಚ್ಚಿದೊಡನೆ ಅದು ದೂರದ ಬಂಧು, ಪಾದ್ರಿ ಕಾಲಿನ್ಸನ ಪಾಲಾಗುತ್ತದೆ. ತಾಯಿ-ಮಕ್ಕಳಿಗೆ ಉಳಿಯುವುದು ವಿವಾಹಕಾಲದ ಕರಾರಿನಂತೆ ಕಾದಿರಿಸಿದ 5000 ಪೌಂಡ್. ಶೇಕಡಾ 4ರ ಬಡ್ಡಿ ಹಿಡಿದರೆ ವರ್ಷಕ್ಕೆ 200 ಪೌಂಡ್, ಅಂದರೆ ಹಿಂದಿನ ವರಮಾನದ ಹತ್ತನೆಯ ಒಂದು ಭಾಗ. ತಾಯಿಯೂ ಗತಿಸಿದ ಮೇಲೆ ಒಬ್ಬೊಬ್ಬಳ ಪಾಲಿಗೆ 1000 ಪೌಂಡ್ ಮೂಲಧನ; ಬಡ್ಡಿ 40 ಪೌಂಡ್. ಎಲಿಜಬೆತ್‌ಳನ್ನು ವರಿಸಲು ಬಂದ ಕಾಲಿನ್ಸನು ಈ ಬಡತನವನ್ನು ಅವಳೆದುರಿಗೇ ಎತ್ತಿ ಆಡುತ್ತಾನೆ.

ಈ ಮನೆಯಲ್ಲಿ ಸದಾ ಮಕ್ಕಳ ಮದುವೆಯದೇ ಜಪ ಮಾಡುವವಳು ತಾಯಿ. ಅವಳ ಮಾತು ಒರಟು, ಬುದ್ಧಿ ಮಂದ, ಕೈಯೂ ಧಾರಾಳ. ವಾಚಕರು ನಗುತ್ತಾರೆ. ಪುಸ್ತಕಗಳ ಕೋಣೆಯಲ್ಲಿ ಕುಳಿತು ಚಾಟೂಕ್ತಿಗಳಾಡುವ ತಂದೆಯನ್ನಾದರೋ ಮೆಚ್ಚುತ್ತಾರೆ. ಲೆಕ್ಕ ಬೇರೆಯೇ ಹೇಳುತ್ತದೆ. ಮಗ ಹುಟ್ಟಿಯೇ ಹುಟ್ಟುವನು, ಅವನು ಪ್ರಾಪ್ತ ವಯಸ್ಕನಾದಾಗ ಕಟ್ಟಳೆಯನ್ನು ಮುರಿಯಬಹುದು ಎಂಬ ನಂಬಿಕೆಯಿಂದ ಆ ತಂದೆ ವರ್ಷದ ವರಮಾನವನ್ನೆಲ್ಲ ವರ್ಷವೇ ವ್ಯಯಿಸಿದನು. ಉಳಿಸಬೇಕಿತ್ತೆಂಬ ವಿವೇಕ ಮೂಡುವಾಗ ಕಾಲ ಮಿಂಚಿತ್ತು. ಮುಂಬರುವ ಆಪತ್ತನ್ನು ಕಂಡು ಕಳವಳಿಸಿದವಳು ನಗೆಪಾಟಲಾದಳು. ಕಂಡೂ ಸುಮ್ಮನಿದ್ದವನು ರಸಿಕನೆನಿಸಿದನು. ಈ ಅನ್ಯಾಯದಲ್ಲಿ ವಾಚಕರಾದ ನಾವೂ ಪಾಲುಗಾರರು.

ಎಲಿಜಬೆತ್ ನಿರಾಕರಿಸಿದ ಕಾಲಿನ್ಸನನ್ನು ಕೆಲವೇ ದಿನಗಳಲ್ಲಿ ಅವಳ ಗೆಳತಿ ಷಾರ್ಲಟ್ ಒಪ್ಪಿಕೊಳ್ಳುತ್ತಾಳೆ. ವಯಸ್ಸು 27, ರೂಪವಿಲ್ಲ, ಹಣವಿಲ್ಲ. ಅಕ್ಕ ಅವಿವಾಹಿತೆಯಾಗಿ ಉಳಿದಾಳೆಂಬ ಚಿಂತೆ ತಪ್ಪಿತೆಂದು ತಮ್ಮಂದಿರು ಹಿಗ್ಗುತ್ತಾರೆ. ಎಲಿಜಬೆತ್ ಮಾತ್ರ ಗೆಳತಿ ತನ್ನನ್ನು ತಾನೇ ಕೀಳುಮಾಡಿಕೊಂಡಳೆಂದು ನೊಂದುಕೊಳ್ಳುತ್ತಾಳೆ. ಮುಂದೆ ಅವಳ ಮನೆಗೆ ಹೋದಾಗ ಕಾಣುವುದೇನು? ಪತಿಯ ತೋಟಗಾರಿಕೆಗೆ ಷಾರ್ಲಟ್ ಉತ್ತೇಜನ ಕೊಡುತ್ತಾಳೆ. ಅವನು ಪದೇ ಪದೇ ಬರಲಾರದಂತೆ ಹಿತ್ತಲ ಕಡೆಯ ಕೋಣೆಯನ್ನು ತನ್ನದಾಗಿಸಿಕೊಂಡಿದ್ದಾಳೆ. ಗತಿಯಿಲ್ಲದವನು ಬಂದ ಬೆಲೆಗೆ ಮಾಲು ಕೊಟ್ಟರೆ ಅದನ್ನು ಮನಃಪೂರ್ವಕ ಕ್ರಯವೆಂದು ಯಾವ ವರ್ತಕನೂ ಹೇಳನು. ಬೇಡವೆನ್ನುವ ಶಕ್ತಿಯಿಲ್ಲದವಳ ಒಪ್ಪಿಗೆಯ ತೂಕವೂ ಅಷ್ಟೇ.

ಹಾಗಾದರೆ ಅದೇ ಬಡತನದಲ್ಲಿ ಎಲಿಜಬೆತ್ ನಿರಾಕರಿಸಲಿಲ್ಲವೇ ಎಂದು ಕೇಳಬಹುದು. ನಿರಾಕರಿಸಿದಳು, ವರ್ಷಕ್ಕೆ 10,000 ಪೌಂಡ್ ವರಮಾನದ ಡಾರ್ಸಿಯನ್ನೂ ಮೊದಲ ಸಲ ನಿರಾಕರಿಸಿದಳು. ಕೃತಿಯ ಶಿಖರ ಇದೇ. ಆದರೆ ಲೇಖಕಿ ಈ ಧೈರ್ಯಕ್ಕೆ ಕೊನೆಯಲ್ಲಿ ಡಾರ್ಸಿಯ ಐಶ್ವರ್ಯವನ್ನೇ ಬಹುಮಾನವಾಗಿತ್ತು, ಎತ್ತಿದ ಪ್ರಶ್ನೆಯನ್ನು ಮೆಲ್ಲನೆ ಬದಿಗಿರಿಸುತ್ತಾರೆ. ಡಾರ್ಸಿ ಮರಳಿ ಬಾರದಿದ್ದರೆ? ಇದು ಕೃತಿಯ ಕೊರತೆಯೆಂದೇ ಹೇಳಬೇಕು.

ಲೇಖಕಿಯ ಬದುಕಿನಲ್ಲಿ ಅಂಥ ಬಹುಮಾನ ಬರಲಿಲ್ಲ. 1802ರಲ್ಲಿ ಅನುಕೂಲಸ್ಥ ವರನೊಬ್ಬನಿಗೆ ಒಪ್ಪಿಗೆ ಕೊಟ್ಟು ಮರುದಿನ ಬೆಳಗ್ಗೆಯೇ ಹಿಂತೆಗೆದುಕೊಂಡರು. 1805ರಲ್ಲಿ ತಂದೆ ತೀರಿಕೊಂಡ ಬಳಿಕ ತಾಯಿ ಮತ್ತು ಅಕ್ಕನೊಡನೆ ಸೋದರರ ನೆರವನ್ನು ಆಶ್ರಯಿಸಬೇಕಾಯಿತು. ಈ ಕಾದಂಬರಿಯ ಹಕ್ಕನ್ನು 110 ಪೌಂಡ್‌ಗೆ ಮಾರಿದರು. ಮುಖಪುಟದಲ್ಲಿ ಅವರ ಹೆಸರೂ ಇರಲಿಲ್ಲ. ವಿವಾಹಿತೆಯು ತನ್ನ ಹೆಸರಿನಲ್ಲಿ ಪ್ರತ್ಯೇಕ ಆಸ್ತಿ ಹೊಂದಲು ಇಂಗ್ಲೆಂಡಿನ ಕಾನೂನು ವಿಶಾಲವಾದ ಹಕ್ಕು ಕೊಟ್ಟದ್ದು 1882ರಲ್ಲಿ, ಅವರು ಗತಿಸಿ 65 ವರ್ಷಗಳಾದ ಮೇಲೆ.

ಹೆಣ್ಣುಮಕ್ಕಳಿರುವ ಮನೆಯ ಹಿರಿಯರು ಈ ಕೃತಿಯನ್ನು ಓದಬೇಕು. ಓದುವಾಗ ಡಾರ್ಸಿಯಂಥ ಅಳಿಯನನ್ನು ಹಂಬಲಿಸುವುದಕ್ಕಿಂತ, ಪುಸ್ತಕದ ಕೋಣೆಯಲ್ಲಿ ಕುಳಿತ ಆ ತಂದೆಯನ್ನು ಗಮನಿಸುವುದು ಲೇಸು. ಮಗಳು ವಿದ್ಯೆಯಿಂದಲೋ ತನ್ನದೇ ಧನದಿಂದಲೋ ಬೇಡವೆನ್ನಬಲ್ಲವಳಾಗಿದ್ದರೆ ಮಾತ್ರ ಅವಳು ಹೇಳುವ ಒಪ್ಪಿಗೆಗೆ ಅರ್ಥವಿದೆ.