ಬಯಲಿನ ಮೊದಲ ಮನೆ

ಬೆಳಗಾವಿ ಸೀಮೆಯ ಕಾದಂಬರಿಗಳನ್ನು ಪಾಠ ಹೇಳುವಾಗಲೆಲ್ಲ ನನಗೊಂದು ಕೊರತೆ ಕಾಣುತ್ತ ಬಂದಿದೆ. ಬೀಳುವ ಮನೆಯನ್ನು ಬಣ್ಣಿಸುವುದರಲ್ಲಿ ನಮ್ಮವರು ನಿಸ್ಸೀಮರು. ಘೋಡಗೇರಿಯ ಚಂದ್ರಶೇಖರ ಕಂಬಾರರ ‘ಸಿಂಗಾರೆವ್ವ ಮತ್ತು ಅರಮನೆ’ಯನ್ನೇ (1982) ನೋಡಿರಿ, ದೇಸಗತಿಯ ಆ ಅರಮನೆ ಕೆಲವೆಡೆ ಪಾತ್ರಗಳಿಗಿಂತ ಜೀವಂತವಾಗಿದೆ. ಮುಳುಗುವ ಮನೆಯನ್ನೂ ಕನ್ನಡ ಬಲ್ಲದು. ನಾ. ಡಿಸೋಜರ ‘ದ್ವೀಪ’ದಲ್ಲಿ ಶರಾವತಿಯ ನೀರು ಏರುತ್ತಿರುವಂತೆ ನಮ್ಮ ಉಸಿರೂ ಕಟ್ಟುತ್ತದೆ. ಆದರೆ ನೀರು ನಿಂತ ಮೇಲೆ, ನೆರಳಿಲ್ಲದ ಬಯಲಲ್ಲಿ, ಸರಕಾರ ಅಳೆದುಕೊಟ್ಟ ಪ್ಲಾಟಿನ ಮೇಲೆ ಎದ್ದ ಮೊದಲ ಮನೆ? ನಾನು ಓದಿದಷ್ಟರಲ್ಲಿ ಅದನ್ನು ಕಂಡಿಲ್ಲ.

ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ನಿಂತು, 1970ರ ದಶಕದಲ್ಲಿ ರೇಣುಕಾಸಾಗರ ತುಂಬಿದಾಗ, ದಂಡೆಯ ಊರುಗಳು ಎತ್ತರದ ನೆಲಕ್ಕೆ ಸರಿದವು. ಕಿತ್ತೂರಿನ ಕಡೆ ಸುರಿಯುವ ಮಳೆ ಸವದತ್ತಿ, ರಾಮದುರ್ಗಗಳಿಗೆ ಬರುವಷ್ಟರಲ್ಲಿ ಸೊರಗಿರುತ್ತದೆ. ಮರುಭೂಮಿಯಲ್ಲ, ನಿಜ; ಚೈತ್ರದ ಬಿಸಿಲಿನಲ್ಲಿ ಅಲ್ಲಿ ನಿಂತವರಿಗೆ ಆ ಭೇದ ಹೊಳೆಯುವುದು ಕಷ್ಟ.

ಅಂಥದೊಂದು ಹೊಸ ಊರಿಗೆ ಹೋಗಿದ್ದೆ. ಎಪ್ಪತ್ತು ದಾಟಿದ ಅಜ್ಜಿಯೊಬ್ಬಳು ಮನೆ ತೋರಿಸಿದಳು. ತೊಲೆ, ಜಂತಿ, ಬಾಗಿಲ ಚೌಕಟ್ಟು ಎಲ್ಲವನ್ನೂ ಹಳೆಯ ಊರಿನಿಂದ ಚಕ್ಕಡಿಯಲ್ಲಿ ಹೇರಿ ತಂದದ್ದಂತೆ. ಹೊಸ ಗೋಡೆಗೆ ಚೌಕಟ್ಟು ಎತ್ತರವಾಗಿ, ಬುಡವನ್ನು ಗೇಣುದ್ದ ಕೊಯ್ಯಿಸಬೇಕಾಯಿತು. ಎಷ್ಟು ದುಃಖವಾಗಿರಬೇಕು ಎಂದೆ. ಅವಳ ಉತ್ತರ ಬೇರೆಯೇ ಇತ್ತು: “ಹಳೇ ಊರಾಗ ನಮ್ಮ ಮನಿ ಹಿಂದಿನ ಸಂದ್ಯಾಗ ಇತ್ತರಿ. ಹಾದಿ ಮ್ಯಾಲ ಕುಂದ್ರೂ ಹಂಗಿರಲಿಲ್ಲ. ಇಲ್ಲಿ ಬಿಸಲಾಗ ಬೆಂದ್ವಿ, ಖರೆ. ಆದ್ರ ನಮ್ಮ ಬಾಗಲಾ ಬೀದಿಗೆ ಬಂತು.”

ಈ ಮಾತು ನನ್ನ ಇಷ್ಟು ವರ್ಷದ ಪಾಠವನ್ನು ಅಲುಗಿಸಿತೆನ್ನದೆ ಗತ್ಯಂತರವಿಲ್ಲ. ಓಣಿ, ಕಟ್ಟೆ, ಹಿರಿಯರ ಮನೆ ಎಂದು ನಾವು ವಿಮರ್ಶಕರು ಹಂಬಲಿಸುತ್ತೇವೆ. ಆ ಕಟ್ಟೆಯ ಮೇಲೆ ಕೂಡ್ರಲು ಯಾರಿಗೆ ಅಪ್ಪಣೆಯಿತ್ತು ಎಂದು ಕೇಳುವುದಿಲ್ಲ. ರಾವಬಹಾದ್ದೂರರ ‘ಗ್ರಾಮಾಯಣ’ದ (1957) ಹಿರಿಮೆಯೆಂದರೆ ಹಳ್ಳಿಯನ್ನು ಅದರ ಕ್ಷುದ್ರತೆಯೊಡನೆಯೇ ಕಂಡದ್ದು. ಆ ಕಣ್ಣು ಹೊಸ ಊರಿನತ್ತ ತಿರುಗಬೇಕಾಗಿತ್ತು. ನಾವು ತಿರುಗಗೊಡಲಿಲ್ಲವೇನೋ: ‘ಬೇರು’ ಇಲ್ಲದ್ದು ಸಾಹಿತ್ಯಕ್ಕೆ ಒದಗದು ಎಂದು ತರಗತಿಯಲ್ಲಿ ನಾನೇ ಎಷ್ಟು ಸಲ ಹೇಳಿಲ್ಲ!

ಹಾಗೆಂದು ಹೊಸ ಊರು ಸ್ವರ್ಗವಲ್ಲ. ಅಜ್ಜಿಯ ಸೊಸೆಗೆ ನೀರಿನದೇ ಚಿಂತೆ. ಸಾಗರದ ಮಗ್ಗುಲಲ್ಲಿ ಕೊಡ ಹಿಡಿದು ಕಾಯುವ ವಿಪರ್ಯಾಸ. ಮೊಮ್ಮಗ ಈಗ ಮಣ್ಣಿನ ಮಾಳಿಗೆ ಕೆಡವಿ ಸ್ಲ್ಯಾಬ್ ಹಾಕಿಸುವವನಿದ್ದಾನೆ. ಬುಡ ಕೊಯ್ದ ಚೌಕಟ್ಟನ್ನು ಏನು ಮಾಡಬೇಕೆಂಬುದು ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ.