ವಾಸ್ತುಶಿಲ್ಪಿಗಳ ಸಂಘವೂ ಕಾಲಧರ್ಮವೂ: ಒಂದು ವಿಮರ್ಶೆ

ಆಧುನಿಕ ಕಟ್ಟಡಗಳನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಶೈಲಿಯನ್ನು ವರ್ಣಿಸುತ್ತಾರೆ, ಕಟ್ಟಿಸಿದವರ ಹೆಸರನ್ನು ಹೇಳುತ್ತಾರೆ. ಕಟ್ಟಡವನ್ನು ಕಲ್ಪಿಸಿದವರು ಒಂದು ವೃತ್ತಿವರ್ಗವಾಗಿ ಸಂಘಟಿತರಾದ ಬಗೆಯನ್ನು ವಿಚಾರಿಸುವುದು ವಿರಳ. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆರ್ಕಿಟೆಕ್ಟ್ಸ್ ಸಂಸ್ಥೆಯ ಚರಿತ್ರೆಯನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಸಂಘವೊಂದು ತನ್ನ ಸದಸ್ಯರಿಗೆ ಯಾವ ಬಗೆಯ ಆಸರೆಯನ್ನು ಕೊಡಬಲ್ಲುದು, ಕಾಲ ಬದಲಾದಾಗ ಆ ಆಸರೆಯ ಸ್ವರೂಪ ಹೇಗೆ ಬದಲಾಗುತ್ತದೆ ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

ಈ ಸಂಸ್ಥೆಯ ಮೂಲವು 1917ರಲ್ಲಿ ಮುಂಬಯಿಯ ಸರ್ ಜೆ. ಜೆ. ಕಲಾಶಾಲೆಯ ಹಳೆಯ ವಿದ್ಯಾರ್ಥಿಗಳು ಕಟ್ಟಿಕೊಂಡ ಒಂದು ವಿದ್ಯಾರ್ಥಿಸಂಘ. ಗೇಟ್‌ವೇ ಆಫ್ ಇಂಡಿಯಾದ ಶಿಲ್ಪಿ ಜಾರ್ಜ್ ವಿಟೆಟ್ ಅದರ ಪ್ರಥಮಾಧ್ಯಕ್ಷ. ಆ ಸಂಘವು 1922ರಲ್ಲಿ ಬಾಂಬೆ ಆರ್ಕಿಟೆಕ್ಚರಲ್ ಅಸೋಸಿಯೇಷನ್ ಎನಿಸಿ, 1925ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಟಿನೊಡನೆ ಸಂಬಂಧವನ್ನು ಬೆಳೆಸಿ, 1929ರಲ್ಲಿ ಈಗಿನ ಅಖಿಲಭಾರತ ನಾಮಧೇಯವನ್ನು ಧರಿಸಿತು. ಹನ್ನೆರಡು ವರ್ಷಗಳಲ್ಲಿ ಒಂದು ಶಾಲೆಯ ಕೂಟವು ದೇಶದ ಸಂಸ್ಥೆಯಾದುದು ಸಾಮಾನ್ಯ ಸಾಧನೆಯಲ್ಲ. ಆದರೆ ಅದು ಹುಟ್ಟಿದ್ದು ಅಧಿಕಾರಕ್ಕಾಗಿ ಅಲ್ಲ, ಪರಸ್ಪರ ವ್ಯಾಸಂಗಕ್ಕಾಗಿ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ಈ ಮೊದಲಿನ ಚೈತನ್ಯಕ್ಕೆ 1937ರಲ್ಲಿ ಮುಂಬಯಿಯಲ್ಲಿ ಸಂಸ್ಥೆಯು ಏರ್ಪಡಿಸಿದ ಐಡಿಯಲ್ ಹೋಮ್ ಪ್ರದರ್ಶನವೇ ನಿದರ್ಶನ. ಸಿಮೆಂಟು, ವಿದ್ಯುಚ್ಛಕ್ತಿ, ಬಹು ಅಂತಸ್ತಿನ ವಸತಿಗೃಹ ಇವು ನಗರಜೀವನವನ್ನು ಮಾರ್ಪಡಿಸುತ್ತಿದ್ದ ಕಾಲವದು. ವಾಸ್ತುಶಿಲ್ಪಿಯ ಅಗತ್ಯವೇನೆಂದು ತಿಳಿಯದ ಮಧ್ಯಮವರ್ಗದವರಿಗೆ ಕಾನೂನನ್ನು ತೋರಿಸದೆ ಮನೆಯನ್ನು ತೋರಿಸಿ ಮನಗಾಣಿಸಿದುದು ವಿವೇಕದ ಮಾರ್ಗವೆಂದೇ ನಾವು ಭಾವಿಸುತ್ತೇವೆ.

ಸ್ವಾತಂತ್ರ್ಯಾನಂತರ ಕಟ್ಟಡಗಳ ನಿರ್ಮಾಣವು ವಿಪುಲವಾಯಿತು. ಅರ್ಹತೆಯಿಲ್ಲದವರೂ ವಾಸ್ತುಶಿಲ್ಪಿಗಳೆಂದು ಹೇಳಿಕೊಳ್ಳತೊಡಗಿದರು. ಇದರ ನಿವಾರಣೆಗೆಂದು ಬಂದುದು 1972ರ ವಾಸ್ತುಶಿಲ್ಪಿಗಳ ಅಧಿನಿಯಮ. ಅದು ಸ್ಥಾಪಿಸಿದ ಪರಿಷತ್ತಿಗೆ ನೋಂದಣಿ, ಶಿಕ್ಷಣದ ಮಟ್ಟ, ವೃತ್ತಿಶಿಸ್ತು ಇವುಗಳ ಹೊಣೆ ಸಂದಿತು. ಐವರು ಪ್ರತಿನಿಧಿಗಳನ್ನು ಅಲ್ಲಿಗೆ ಚುನಾಯಿಸುವ ಹಕ್ಕು ಸಂಸ್ಥೆಗೆ ದೊರೆಯಿತು. ಪದವಿಯಿಲ್ಲದಿದ್ದರೂ ಐದು ವರ್ಷಗಳಿಗೆ ಕಡಮೆಯಿಲ್ಲದೆ ವೃತ್ತಿಯಲ್ಲಿದ್ದವರಿಗೆ ಮೊದಲ ನೋಂದಣಿಯಲ್ಲಿ ಅವಕಾಶವಿತ್ತದ್ದು ನ್ಯಾಯವಾದ ಏರ್ಪಾಡು. ಆದರೆ ಆ ಬಾಗಿಲು ಒಮ್ಮೆ ಮಾತ್ರ ತೆರೆಯಿತು. ಅನಂತರ ಅನುಭವದಿಂದಲೇ ಕಲಿತವನಿಗೆ ಪ್ರವೇಶ ಉಳಿಯಲಿಲ್ಲ.

ಈ ರಕ್ಷಣೆ ಎಷ್ಟು ದೃಢವಾದುದು? 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಅಧಿನಿಯಮದ 37ನೆಯ ಪ್ರಕರಣವು ನಿರ್ಬಂಧಿಸುವುದು ವಾಸ್ತುಶಿಲ್ಪಿ ಎಂಬ ಹೆಸರಿನ ಬಳಕೆಯನ್ನೇ ಹೊರತು ಆ ಕೆಲಸವನ್ನಲ್ಲ ಎಂದು ನಿರ್ಣಯಿಸಿತು. ಇದನ್ನು ವೃತ್ತಿಗೆ ಬಂದ ಸೋಲೆಂದು ಎಣಿಸುವವರುಂಟು. ನಮ್ಮ ಅಭಿಪ್ರಾಯ ಬೇರೆ. ಮನೆ ಕಟ್ಟುವುದು ಸಮಾಜದಷ್ಟೇ ಹಳೆಯ ಕಾರ್ಯ. ಅದನ್ನು ಒಂದು ವರ್ಗದ ಏಕಸ್ವಾಮ್ಯವಾಗಿಸುವುದು ಕಾನೂನಿಗೂ ಕಷ್ಟಸಾಧ್ಯ. ಹೆಸರನ್ನು ಕಾನೂನು ಕಾಯಬಹುದು. ಹೆಸರಿನ ಬೆಲೆಯನ್ನು ಕೆಲಸವೇ ಕಾಯಬೇಕು.

ಶುಲ್ಕದ ವಿಷಯದಲ್ಲಿಯೂ ಇದೇ ಪಾಠ. ಸ್ಪರ್ಧೆಯಿಂದ ವೃತ್ತಿ ಅಗ್ಗವಾಗಬಾರದೆಂದು ಸಂಘಗಳು ಶುಲ್ಕದ ಪಟ್ಟಿಯನ್ನು ನಿಗದಿಮಾಡುವುದು ರೂಢಿ. ಬ್ರಿಟನ್ನಿನಲ್ಲಿ ರಾಯಲ್ ಇನ್‌ಸ್ಟಿಟ್ಯೂಟಿನ ಕಡ್ಡಾಯ ಪಟ್ಟಿಯು 1982ರಲ್ಲಿ ಕೇವಲ ಶಿಫಾರಸಾಗಿ ಉಳಿಯಿತು. ಗ್ರಾಹಕನು ವಾಸ್ತುಶಿಲ್ಪಿಗೆ ಕೊಡತಕ್ಕುದನ್ನು ಇಂಥ ಪಟ್ಟಿ ಹೇಳುತ್ತದೆ. ವಾಸ್ತುಶಿಲ್ಪಿಯು ತನ್ನ ಕಚೇರಿಯಲ್ಲಿ ರಾತ್ರಿಯೆಲ್ಲ ನಕ್ಷೆ ಬರೆಯುವ ಕಿರಿಯನಿಗೆ ಕೊಡತಕ್ಕುದನ್ನು ಹೇಳುವುದಿಲ್ಲ. ಒಡೆಯನೂ ನೌಕರನೂ ಒಂದೇ ಸಂಘದ ಸದಸ್ಯರಾಗಬಹುದಾದಲ್ಲಿ, ‘ಸದಸ್ಯರ ಹಿತ’ ಎಂಬ ಮಾತು ಯಾರ ಹಿತವನ್ನು ಸೂಚಿಸುತ್ತದೆಂದು ಕೇಳುವುದು ಅನುಚಿತವಲ್ಲ.

ಮೇಲಣ ವಿಚಾರದಿಂದ ಫಲಿಸುವುದಿಷ್ಟು. ವ್ಯಾಸಂಗ, ಹೆಸರು, ಶುಲ್ಕ ಇವು ಸಂಘವು ನೀಡಬಲ್ಲ ಮೂರು ಆಸರೆಗಳು. ಇವುಗಳಲ್ಲಿ ಕೊನೆಯವೆರಡು ನ್ಯಾಯಾಲಯದ ತೀರ್ಪಿನಿಂದಲೋ ಮಾರುಕಟ್ಟೆಯ ಒತ್ತಡದಿಂದಲೋ ಸಡಿಲಗೊಳ್ಳತಕ್ಕವು, ಮೊದಲನೆಯದನ್ನು ಕಸಿದುಕೊಳ್ಳುವವರಿಲ್ಲ. ಗಣಕಯಂತ್ರವೇ ನಕ್ಷೆಯನ್ನು ಬರೆಯುವ, ಬಿಸಿಲೂ ನೀರೂ ಕಟ್ಟಡದ ಮುಖ್ಯ ಪ್ರಶ್ನೆಗಳಾಗಿರುವ ಈ ಕಾಲದಲ್ಲಿ, 1917ರ ಆ ವಿದ್ಯಾರ್ಥಿಗಳ ಉದ್ದೇಶವೇ ಸಂಸ್ಥೆಗೆ ಹೆಚ್ಚು ಉಪಯುಕ್ತವಾದ ಬಂಡವಾಳ. ಈಗಿನ ವಿದ್ಯಾರ್ಥಿಗೂ ಕಚೇರಿಯ ಕಿರಿಯನಿಗೂ ಅಲ್ಲಿ ಎಷ್ಟು ಸ್ಥಾನವಿದೆಯೆಂಬುದೇ ಅದರ ಮುಂದಿನ ಚರಿತ್ರೆಯನ್ನು ಅಳೆಯುವ ಮಾನದಂಡವಾಗಬೇಕು.